ಕಾಗದದ ಮೇಲೆ ಲೆಕ್ಕ ಹಾಕಿ ಕಳೆದ ಬದುಕು ವ್ಯರ್ಥವೇ?

ಪ್ರಿಯ ಓದುಗರೇ,

ಕಳೆದ ಸಂಚಿಕೆಯಲ್ಲಿ ಬೆಂಗಳೂರಿನ ಭೌತವಿಜ್ಞಾನಿ ಪ್ರೊ. ಸಿ.ವಿ. ವಿಶ್ವೇಶ್ವರ ಅವರ ಬಗ್ಗೆ ನಾವು ಹಾಕಿದ್ದ ಚಿಕ್ಕ ಬರಹ ಓದಿ ನೀವು ಪತ್ರ ಬರೆದಿದ್ದೀರಿ. ನಿಮ್ಮ ಮಗಳು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಾಳೆ, ಥಿಯರೆಟಿಕಲ್ ಫಿಸಿಕ್ಸ್ ಬಿಟ್ಟು ಬೇರೇನೂ ಬೇಡ ಅನ್ನುತ್ತಿದ್ದಾಳೆ. ನಮ್ಮ ಬರಹ ತೋರಿಸಿ ವಾದ ಮಾಡಿದಳಂತೆ. ನೀವು ಕೇಳಿರುವುದು ಎರಡು ಪ್ರಶ್ನೆ. ಮೊದಲನೆಯದು, ಯಾವ ಉಪಕರಣವನ್ನೂ ಮುಟ್ಟದೆ ಬರೀ ಲೆಕ್ಕ ಹಾಕಿದವರು ಏನನ್ನು ಕಂಡುಹಿಡಿದ ಹಾಗಾಯಿತು? ಎರಡನೆಯದು, ಅಮೆರಿಕದಲ್ಲಿ ಅಷ್ಟು ಓದಿ ಬಂದವರು ಕೊನೆಗೆ ತಾರಾಲಯದಲ್ಲಿ ಶಾಲೆ ಮಕ್ಕಳಿಗೆ ನಕ್ಷತ್ರ ತೋರಿಸುತ್ತಾ ಕೂತರಲ್ಲ, ಅದು ಪ್ರತಿಭೆಯ ನಷ್ಟ ಅಲ್ವಾ?

ಅರ್ಧ ಪುಟದ ಬರಹದಲ್ಲಿ ಅವರ ಕೆಲಸ ಏನು ಅಂತ ಹೇಳಲು ಜಾಗವೇ ಇರಲಿಲ್ಲ. ಈಗ ಹೇಳುತ್ತೇನೆ.

ವಿಶ್ವೇಶ್ವರ ಹುಟ್ಟಿದ್ದು 1938ರಲ್ಲಿ, ಬೆಂಗಳೂರಿನಲ್ಲಿ. ತಂದೆ ಕನ್ನಡ ಸಾಹಿತಿ ಸಿ.ಕೆ. ವೆಂಕಟರಾಮಯ್ಯ. ಇಲ್ಲಿ ಎಂ.ಎಸ್ಸಿ. ಮುಗಿಸಿ ಅಮೆರಿಕಕ್ಕೆ ಹೋದರು. ಮೊದಲು ಕೊಲಂಬಿಯಾ ವಿಶ್ವವಿದ್ಯಾಲಯ, ಆಮೇಲೆ ಮೇರಿಲ್ಯಾಂಡ್. ಅಲ್ಲಿ ಚಾರ್ಲ್ಸ್ ಮಿಸ್ನರ್ ಅವರ ಕೈಕೆಳಗೆ ಪಿಎಚ್.ಡಿ. ಬೆಳಕೂ ತಪ್ಪಿಸಿಕೊಳ್ಳಲಾಗದಷ್ಟು ಗುರುತ್ವ ಇರುವ ವಸ್ತುವಿಗೆ ಕಪ್ಪುಕುಳಿ, ಅಂದರೆ ಬ್ಲ್ಯಾಕ್ ಹೋಲ್ ಅನ್ನುವ ಹೆಸರೇ ಆ ಹೊತ್ತಿಗೆ ಇನ್ನೂ ರೂಢಿಗೆ ಬಂದಿರಲಿಲ್ಲ. ಅಮೆರಿಕದ ಭೌತವಿಜ್ಞಾನಿ ಜಾನ್ ವೀಲರ್ ಆ ಹೆಸರನ್ನು ಜನಪ್ರಿಯಗೊಳಿಸಿದ್ದು 1967ರಲ್ಲಿ. ಆಕಾಶದಲ್ಲಿ ಇಂಥದ್ದೊಂದು ಇದೆ ಅಂತ ಯಾರೂ ಬೆರಳು ಮಾಡಿ ತೋರಿಸಿರಲಿಲ್ಲ. ಇದ್ದದ್ದು ಗುರುತ್ವವನ್ನು ವಿವರಿಸುವ ಐನ್‌ಸ್ಟೈನರ ಸಮೀಕರಣಗಳಿಗೆ ಕಾರ್ಲ್ ಶ್ವಾರ್ಜ್‌ಶಿಲ್ಡ್ 1916ರಲ್ಲಿ ಕಂಡುಕೊಂಡ ಒಂದು ಉತ್ತರ ಮಾತ್ರ.

ವಿಶ್ವೇಶ್ವರ ಎತ್ತಿಕೊಂಡ ಪ್ರಶ್ನೆ ಸರಳ. ಈ ವಸ್ತುವನ್ನು ಸ್ವಲ್ಪ ಅಲುಗಾಡಿಸಿದರೆ ಏನಾಗುತ್ತದೆ? ಅಲುಗಾಟ ಬೆಳೆಯುತ್ತಾ ಹೋದರೆ ಕಪ್ಪುಕುಳಿ ಉಳಿಯುವುದೇ ಇಲ್ಲ. ಹಾಗಾದರೆ ಪ್ರಕೃತಿಯಲ್ಲಿ ಅದನ್ನು ಹುಡುಕುವುದೇ ದಂಡ. ಅಲುಗಾಟ ತಾನಾಗಿ ಅಡಗಿದರೆ, ಅದು ನಿಜಕ್ಕೂ ಇರಬಹುದಾದ ವಸ್ತು. ತುಲಿಯೋ ರೆಜ್ಜೆ ಮತ್ತು ವೀಲರ್ 1957ರಲ್ಲೇ ಈ ಲೆಕ್ಕ ಶುರು ಮಾಡಿದ್ದರು. ಆದರೆ ಕಪ್ಪುಕುಳಿಯ ಅಂಚಿಗೆ ಬಂದಾಗ ಲೆಕ್ಕ ಕೈಕೊಡುತ್ತಿತ್ತು. ಆಗ ಬಳಸುತ್ತಿದ್ದ ಅಳತೆಯ ಕ್ರಮದಲ್ಲೇ ಅಲ್ಲಿ ಸಂಖ್ಯೆಗಳು ಅನಂತಕ್ಕೆ ಓಡುತ್ತಿದ್ದವು. ವಿಶ್ವೇಶ್ವರ ಮಾರ್ಟಿನ್ ಕ್ರುಸ್ಕಲ್ ಕೊಟ್ಟಿದ್ದ ಹೊಸ ಅಳತೆಯಲ್ಲಿ ಆ ಅಂಚನ್ನು ನೋಡಿದರು. ಬೆಳೆಯುತ್ತಾ ಹೋಗುವ ಅಲುಗಾಟ ಅಲ್ಲಿ ಮೊದಲ ಕ್ಷಣದಲ್ಲೇ ಅನಂತವಾಗಿರಬೇಕಾಗುತ್ತದೆ ಅಂತ ತೋರಿಸಿದರು. ಚಿಕ್ಕದಾಗಿ ಶುರುವಾಗುವ ಅಲುಗಾಟ ಹಾಗಿರಲು ಸಾಧ್ಯವಿಲ್ಲ. ಅಂದಮೇಲೆ ಅದು ಬೆಳೆಯುವುದೂ ಇಲ್ಲ. ತಿರುಗದ ಕಪ್ಪುಕುಳಿ ಗಟ್ಟಿ.

ಇಷ್ಟಕ್ಕೆ ನಿಲ್ಲಿಸಿದ್ದರೂ ಅವರ ಹೆಸರು ಉಳಿಯುತ್ತಿತ್ತು. ಆದರೆ ನನಗೆ ಅವರ ಮೇಲೆ ಇರುವ ಗೌರವದ ದೊಡ್ಡ ಪಾಲು ಮುಂದಿನ ಪ್ರಶ್ನೆಯದು. ಕಪ್ಪುಕುಳಿ ಇರಬಹುದು ಸರಿ, ಬೆಳಕನ್ನೂ ಬಿಡದ ಅದನ್ನು ಗುರುತಿಸುವುದು ಹೇಗೆ? ಅದರ ಮೇಲೆ ಏನನ್ನಾದರೂ ಎಸೆದು, ವಾಪಸ್ ಏನು ಬರುತ್ತದೆ ನೋಡೋಣ ಅಂತ ಅವರು ಯೋಚಿಸಿದರು. ಎಸೆದದ್ದು ಗುರುತ್ವದ ಅಲೆಗಳನ್ನು, ಅಂದರೆ ದೇಶಕಾಲದಲ್ಲೇ ಏಳುವ ನಡುಕಗಳನ್ನು, ಅದೂ ಕಂಪ್ಯೂಟರಿನ ಲೆಕ್ಕದಲ್ಲಿ. ಅಗಲವಾದ ಅಲೆ ಕಳಿಸಿದರು, ಅಂಥಾ ವಿಶೇಷವೇನೂ ಕಾಣಲಿಲ್ಲ. ಅಲೆ ಕಪ್ಪುಕುಳಿಯನ್ನು ದಾಟಿ ಹೆಚ್ಚುಕಡಿಮೆ ಹಾಗೇ ಹೋಯಿತು. ಅಲೆಯನ್ನು ಕಿರಿದು ಮಾಡಿದರು. ಇನ್ನೂ ಕಿರಿದು ಮಾಡಿದರು. ಅದರ ಅಗಲ ಕಪ್ಪುಕುಳಿಯ ಗಾತ್ರದ ಹತ್ತಿರಕ್ಕೆ ಬಂದಾಗ, ವಾಪಸ್ ಬಂದ ಅಲೆಯಲ್ಲಿ ಏರಿಳಿತ ಮೂಡಿತು. ಒಂದೇ ಲಯದಲ್ಲಿ ಏರಿ ಇಳಿದು, ಬೇಗ ಬೇಗ ಕ್ಷೀಣಿಸಿ ಅಡಗುವ ಕಂಪನ. ಆಮೇಲೆ ಅಲೆಯನ್ನು ಎಷ್ಟು ಕಿರಿದು ಮಾಡಿದರೂ ಅದೇ ಕಂಪನ, ಅದೇ ಲಯ.

ಗಂಟೆಯನ್ನು ಮರದ ಸುತ್ತಿಗೆಯಲ್ಲಿ ಹೊಡೆದರೂ ಕಬ್ಬಿಣದ್ದರಲ್ಲಿ ಹೊಡೆದರೂ ನಾದ ಗಂಟೆಯದ್ದೇ ತಾನೆ? ಹಾಗೆ ಇದು ಕಪ್ಪುಕುಳಿಯ ಸ್ವಂತ ದನಿ. 1970ರಲ್ಲಿ ಇದು ನೇಚರ್ ಪತ್ರಿಕೆಯಲ್ಲಿ ಅಚ್ಚಾಯಿತು. ಭೌತವಿಜ್ಞಾನಿಗಳು ಈ ಕಂಪನಗಳನ್ನು ಈಗ ಕ್ವಾಸಿ ನಾರ್ಮಲ್ ಮೋಡ್ ಅನ್ನುತ್ತಾರೆ. 1975ರಲ್ಲಿ ನಮ್ಮವರೇ ಆದ ಖಭೌತವಿಜ್ಞಾನಿ ಎಸ್. ಚಂದ್ರಶೇಖರ್, ಸ್ಟೀವನ್ ಡೆಟ್‌ವೈಲರ್ ಜೊತೆ ಸೇರಿ ಇವುಗಳ ಲೆಕ್ಕವನ್ನು ಇನ್ನೂ ಬೆಳೆಸಿದರು.

ಈಗ ನಿಮ್ಮ ಮೊದಲ ಪ್ರಶ್ನೆಗೆ ನೇರವಾಗಿ ಬರುತ್ತೇನೆ. ಈ ಲೆಕ್ಕದ ಪ್ರಕಾರ, ಸೂರ್ಯನಷ್ಟೇ ರಾಶಿಯ, ತಿರುಗದ ಕಪ್ಪುಕುಳಿ ಸೆಕೆಂಡಿಗೆ ಸುಮಾರು 12,000 ಸಲ ಕಂಪಿಸಬೇಕು. ರಾಶಿ ಜಾಸ್ತಿಯಾದಷ್ಟೂ ದನಿ ತಗ್ಗುತ್ತದೆ. 62 ಸೂರ್ಯರಷ್ಟಿದ್ದರೆ 200ರ ಆಸುಪಾಸು. ಅದು ತಿರುಗುತ್ತಿದ್ದರೆ ದನಿ ಏರುತ್ತದೆ, ವಿಶ್ವ ಹಿಗ್ಗುವುದರಿಂದ ನಮ್ಮನ್ನು ಮುಟ್ಟುವಾಗ ಸ್ವಲ್ಪ ಇಳಿಯುತ್ತದೆ.

2015ರ ಸೆಪ್ಟೆಂಬರ್ 14ರಂದು ಗುರುತ್ವದ ಅಲೆಗಳನ್ನು ಹಿಡಿಯಲೆಂದೇ ಕಟ್ಟಿದ ಅಮೆರಿಕದ ಎರಡು ಲೈಗೋ ವೀಕ್ಷಣಾಲಯಗಳು ಒಂದು ನಡುಕವನ್ನು ದಾಖಲಿಸಿದವು. ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ, ಸುಮಾರು 36 ಮತ್ತು 29 ಸೂರ್ಯರಷ್ಟು ರಾಶಿಯ ಎರಡು ಕಪ್ಪುಕುಳಿಗಳು ಸುತ್ತಿ ಸುತ್ತಿ ಒಂದಾಗಿದ್ದವು. ಉಳಿದದ್ದು 62 ಸೂರ್ಯರಷ್ಟು ರಾಶಿಯ ಒಂದೇ ಕಪ್ಪುಕುಳಿ. ಮಿಕ್ಕ ಮೂರು ಸೂರ್ಯರಷ್ಟು ರಾಶಿ ಅಲೆಯಾಗಿ ಹರಡಿಹೋಗಿತ್ತು. ಇಡೀ ಸಂಕೇತ ಸುಮಾರು 0.2 ಸೆಕೆಂಡ್. ಅದರ ಬಾಲದಲ್ಲಿ, ಕೆಲವೇ ಮಿಲಿಸೆಕೆಂಡುಗಳಲ್ಲಿ ಅಡಗುವ, ಸೆಕೆಂಡಿಗೆ ಸುಮಾರು 250 ಸಲದ ಕಂಪನ. ಮೇರಿಲ್ಯಾಂಡಿನ ಆ ಹುಡುಗ ನಲವತ್ತೈದು ವರ್ಷಗಳ ಹಿಂದೆ ಹೇಳಿದ್ದ ಆಕಾರವೇ. 2016ರ ಫೆಬ್ರುವರಿ 11ರಂದು ಸುದ್ದಿ ಹೊರಬಿತ್ತು. ವಿಶ್ವೇಶ್ವರ ಅದನ್ನು ನೋಡಲು ನಮ್ಮ ನಡುವೆ ಇದ್ದರು ಅನ್ನುವುದು ನನಗೆ ಇವತ್ತಿಗೂ ಸಮಾಧಾನದ ಮಾತು. ಮುಂದಿನ ಜನವರಿಯಲ್ಲಿ ಅವರು ತೀರಿಕೊಂಡರು.

ಲೇಸರ್ ಬೆಳಕು ಓಡಾಡುವ ಲೈಗೋದ ನಾಲ್ಕು ಕಿಲೋಮೀಟರ್ ಉದ್ದದ ತೋಳುಗಳು ಆ ದಿನ ಪ್ರೋಟಾನಿನ ಅಗಲದ ಸಣ್ಣ ಭಾಗದಷ್ಟು ಅಲುಗಿದವು. ಅಷ್ಟು ಸೂಕ್ಷ್ಮ ಉಪಕರಣ ಕಟ್ಟಿದವರ ಸಾಧನೆಗೆ ಕೈಮುಗಿಯಬೇಕು. ಆದರೆ ಅದು ಎರಡು ಕಪ್ಪುಕುಳಿಗಳು ಕೂಡಿದ ಸದ್ದು ಅಂತ ಗೊತ್ತಾಗಿದ್ದು ಹೇಗೆ? ಮೊದಲೇ ಹಾಕಿಟ್ಟಿದ್ದ ಲೆಕ್ಕಗಳ ಜೊತೆ ಹೋಲಿಸಿ ನೋಡಿದ್ದರಿಂದ. ಲೆಕ್ಕ ಇಲ್ಲದಿದ್ದರೆ ಅದೊಂದು ಅರ್ಥವಾಗದ ಗೀಟು. 2017ರ ನೊಬೆಲ್ ಪಡೆದ ಮೂವರಲ್ಲಿ ಕಿಪ್ ಥಾರ್ನ್ ಕೂಡ ಕಾಗದದ ಮೇಲೆ ಲೆಕ್ಕ ಹಾಕುವವರೇ. ವಿಶ್ವೇಶ್ವರರಿಗೆ ಅಂಥ ಬಹುಮಾನ ಬರಲಿಲ್ಲ, ನಿಜ. ಆದರೆ ಆ ಬಾಲದ ಕಂಪನವನ್ನು ಅಳೆಯುವ ಕೆಲಸ ಈಗಲೂ ನಡೆದಿದೆ. 2025ರ ಜನವರಿಯಲ್ಲಿ ಸಿಕ್ಕ ಒಂದು ಸಂಕೇತ ಎಷ್ಟು ಸ್ಪಷ್ಟವಾಗಿತ್ತು ಅಂದರೆ, ಅದರ ಬಾಲದಲ್ಲಿ ಒಂದಕ್ಕಿಂತ ಹೆಚ್ಚು ಕಂಪನಗಳನ್ನು ಬೇರೆ ಬೇರೆಯಾಗಿ ಗುರುತಿಸಿದರು.

ಎರಡನೇ ಪ್ರಶ್ನೆಗೆ ನನ್ನ ಉತ್ತರ ಖಂಡಿತ ಇಲ್ಲ. ನ್ಯೂಯಾರ್ಕ್, ಬಾಸ್ಟನ್, ಪಿಟ್ಸ್‌ಬರ್ಗ್ ಅಂತ ಕೆಲವು ವರ್ಷ ಓಡಾಡಿ, 1970ರ ದಶಕದಲ್ಲಿ ಅವರು ಬೆಂಗಳೂರಿಗೆ ವಾಪಸ್ ಬಂದರು. ರಾಮನ್ ಸಂಶೋಧನಾ ಸಂಸ್ಥೆ, ಆಮೇಲೆ ಭಾರತೀಯ ಖಭೌತ ಸಂಸ್ಥೆ. ಸಾಪೇಕ್ಷತೆಯ ಸಂಶೋಧನೆ ಬಿಡಲಿಲ್ಲ, ವಿದ್ಯಾರ್ಥಿಗಳನ್ನು ಬೆಳೆಸಿದರು. ಜೊತೆಗೆ 1989ರಲ್ಲಿ ಶುರುವಾದ ಜವಾಹರಲಾಲ್ ನೆಹರು ತಾರಾಲಯವನ್ನು ಕಟ್ಟಿ ನಿಲ್ಲಿಸಿದರು. ಅದರ ಸ್ಥಾಪಕ ನಿರ್ದೇಶಕರು ಅವರೇ. ಪ್ರದರ್ಶನಗಳಿಗೆ ತಾವೇ ಬರೆದರು. ವ್ಯಂಗ್ಯಚಿತ್ರ ಬಿಡಿಸುತ್ತಿದ್ದರು, ನಗಿಸುತ್ತಲೇ ಐನ್‌ಸ್ಟೈನರನ್ನು ಅರ್ಥ ಮಾಡಿಸುತ್ತಿದ್ದರು. ಅಲ್ಲಿ ಕಾಲೇಜು ಹುಡುಗ ಹುಡುಗಿಯರಿಗಾಗಿ ರೀಪ್ ಅನ್ನುವ ಕಾರ್ಯಕ್ರಮವಿದೆ. ಬಿ.ಎಸ್ಸಿ. ಓದುವವರು ವಾರಾಂತ್ಯಕ್ಕೆ ಬಂದು, ತಮ್ಮ ಪಠ್ಯದಲ್ಲಿ ಅಷ್ಟು ಆಳವಾಗಿ ಸಿಗದ ಭೌತವಿಜ್ಞಾನವನ್ನು ಕಲಿಯುತ್ತಾರೆ. ಅದರಿಂದ ಹೊರಬಂದವರು ಸಂಶೋಧಕರಾಗಿದ್ದಾರೆ. ಮನೆಯಲ್ಲಿ ಯಾರೂ ವಿಜ್ಞಾನ ಓದದ ಮಗುವಿಗೆ ಕನ್ನಡದಲ್ಲಿ ಆಕಾಶ ತೆರೆದು ತೋರಿಸುವುದನ್ನು ಪ್ರತಿಭೆಯ ನಷ್ಟ ಅನ್ನಲು ನನ್ನಿಂದ ಆಗುವುದಿಲ್ಲ. ಆ ಕೆಲಸಕ್ಕೆ ವಿಷಯವನ್ನು ಬೇರುಮಟ್ಟ ಬಲ್ಲವರೇ ಬೇಕು. ಅವರ ಹಿರಿಮೆ ಇರುವುದು ಈ ಎರಡೂ ಕೆಲಸಗಳಿಗೆ ಒಂದೇ ಶ್ರದ್ಧೆ ಕೊಟ್ಟಿದ್ದರಲ್ಲಿ.

ನಿಮ್ಮ ಆತಂಕ ಸುಮ್ನೆ ಅಂತ ನಾನು ಹೇಳುವುದಿಲ್ಲ. ದಾರಿ ಉದ್ದ ಇದೆ. ಎಂ.ಎಸ್ಸಿ. ಎರಡು ವರ್ಷ, ಪಿಎಚ್.ಡಿ. ಐದಾರು ವರ್ಷ. ಪಿಎಚ್.ಡಿ. ಶುರುವಿನಲ್ಲಿ ಈಗ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ, ಬಾಡಿಗೆ ಭತ್ಯೆ ಬೇರೆ. ಅಂದರೆ ಅಷ್ಟು ಹೊತ್ತಿಗೆ ನಿಮ್ಮ ಜೇಬಿಗೆ ಭಾರ ಆಗಬೇಕಾಗಿಲ್ಲ. ಕಷ್ಟ ಬರುವುದು ಅದರ ನಂತರ. ಎರಡೆರಡು ವರ್ಷದ ಪೋಸ್ಟ್‌ಡಾಕ್ ಅನ್ನುವ ತಾತ್ಕಾಲಿಕ ಸಂಶೋಧನಾ ಕೆಲಸ, ಊರಿಂದ ಊರಿಗೆ ಅಲೆದಾಟ, ಕಾಯಂ ಹುದ್ದೆಗಳು ಬಹಳ ಕಡಿಮೆ. ವಿಶ್ವೇಶ್ವರರೇ ಆ ಅಲೆದಾಟ ಪಟ್ಟವರು. ಥಿಯರಿ ಓದಿದವರಲ್ಲಿ ಅನೇಕರು ಡೇಟಾ, ಸಾಫ್ಟ್‌ವೇರ್ ಕೆಲಸಕ್ಕೆ ಹೋಗುತ್ತಾರೆ, ಪಾಠಕ್ಕೆ ಹೋಗುತ್ತಾರೆ. ಇದನ್ನೆಲ್ಲ ಮಗಳ ಮುಂದೆ ಮುಚ್ಚಿಡದೆ ಹೇಳಿ.

ಆದರೆ ಬೇಡ ಅಂತ ಈಗಲೇ ಬಾಗಿಲು ಹಾಕಬೇಡಿ. ನೀವು ಇರುವುದು ಬೆಂಗಳೂರಿನಲ್ಲೇ, ಅದು ದೊಡ್ಡ ಅನುಕೂಲ. ರೀಪ್ ತರಗತಿಗೆ ಸೇರುವುದು ಹೇಗೆ ಅಂತ ತಾರಾಲಯದಲ್ಲಿ ವಿಚಾರಿಸಿ. ಎಂ.ಎಸ್ಸಿ.ಗೆ ಐಐಟಿಗಳು ನಡೆಸುವ ಜ್ಯಾಮ್ ಪರೀಕ್ಷೆಗೆ ಈಗಿನಿಂದಲೇ ತಯಾರಿ ಶುರುವಾಗಲಿ. ಇನ್ನೊಂದು ಮಾತು. 1970ರ ಆ ನೇಚರ್ ಲೇಖನ ಮೂರೇ ಪುಟ. ಆಕೆಗೆ ಎಲ್ಲ ಅರ್ಥವಾಗದು, ಎರಡನೇ ವರ್ಷದಲ್ಲಿ ಆಗಬೇಕಾಗಿಯೂ ಇಲ್ಲ. ಓದಿ, ಎಲ್ಲಿ ಸಿಕ್ಕಿಹಾಕಿಕೊಂಡೆ ಅಂತ ಆಕೆ ನಮಗೆ ಬರೆಯಲಿ. ಈ ವಿಷಯ ಬಲ್ಲವರ ಹತ್ತಿರ ಕೇಳಿ, ಉತ್ತರವನ್ನು ಇದೇ ಪುಟದಲ್ಲಿ ಹಾಕುತ್ತೇವೆ.

— ಸಂಪಾದಕ