ಸಬ್‌ವೂಫರ್‌ನ ಓಮ್ ಲೆಕ್ಕ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಕಾರಿನ ಡಿಕ್ಕಿಯಲ್ಲಿ 12 ಇಂಚಿನ ಎರಡು ಸಬ್‌ವೂಫರ್‌ಗಳು (ಬೇಸ್ ಸ್ವರಗಳ ಸ್ಪೀಕರ್‌ಗಳು) ಇವೆ. ಪ್ರತಿಯೊಂದರಲ್ಲೂ 4 ಓಮ್‌ನ (ಓಮ್ ಎಂದರೆ ವಿದ್ಯುತ್ ಹರಿವಿಗೆ ಒಡ್ಡುವ ತಡೆಯ ಅಳತೆ) ಎರಡೆರಡು ವಾಯ್ಸ್ ಕಾಯಿಲ್‌ಗಳು, ಅಂದರೆ ಕೋನನ್ನು ಅಲುಗಿಸುವ ತಂತಿ ಸುರುಳಿಗಳು, ಇವೆ. ಆಂಪ್ಲಿಫೈಯರ್ ಮೋನೊ ಮಾದರಿಯದು. 4 ಓಮ್‌ಗೆ 300 ವ್ಯಾಟ್, 2 ಓಮ್‌ಗೆ 500 ವ್ಯಾಟ್ ಕೊಡುತ್ತದೆಂದೂ 2 ಓಮ್‌ಗಿಂತ ಕಡಿಮೆ ಜೋಡಿಸಬಾರದೆಂದೂ ಅದರ ಕೈಪಿಡಿಯಲ್ಲಿದೆ. ಅದರಲ್ಲಿ ಸ್ಪೀಕರ್ ತಂತಿಗೆ ಎರಡು ಜೊತೆ ಟರ್ಮಿನಲ್‌ಗಳಿರುವುದರಿಂದ, ಪ್ರತಿ ವೂಫರ್‌ನ ಕಾಯಿಲ್‌ಗಳನ್ನು ಸಮಾಂತರವಾಗಿ (ಧನಕ್ಕೆ ಧನ, ಋಣಕ್ಕೆ ಋಣ) ಸೇರಿಸಿ 2 ಓಮ್ ಮಾಡಿಕೊಂಡು, ಒಂದೊಂದು ವೂಫರನ್ನು ಒಂದೊಂದು ಜೊತೆಗೆ ಹಾಕಿದೆ. ಕಾಲು ಗಂಟೆ ಚೆನ್ನಾಗಿ ನುಡಿದು, ಆಮೇಲೆ ಕೆಂಪು ದೀಪ ಹೊತ್ತಿಕೊಂಡು ಸದ್ದು ನಿಂತುಹೋಗುತ್ತದೆ. ತಪ್ಪು ಎಲ್ಲಿದೆ? 2 ಓಮ್ ಪಡೆಯುವುದು ಹೇಗೆ?

ಉತ್ತರ: ತಪ್ಪು ಆ ಎರಡು ಜೊತೆ ಟರ್ಮಿನಲ್‌ಗಳಲ್ಲಿ ಅಡಗಿದೆ. ಮೋನೊ ಆಂಪ್ಲಿಫೈಯರ್‌ನಲ್ಲಿ ಇರುವುದು ಒಂದೇ ಚಾನೆಲ್. ತಂತಿ ಸಿಕ್ಕಿಸಲು ಅನುಕೂಲವಾಗಲೆಂದು ಎರಡು ಜೊತೆ ತಿರುಪುಗಳನ್ನು ಕೊಟ್ಟಿರುತ್ತಾರೆಯೇ ಹೊರತು, ಒಳಗೆ ಧನ ತುದಿಗಳೆರಡೂ ಒಂದೇ ಕಡೆ ಸೇರಿರುತ್ತವೆ, ಋಣ ತುದಿಗಳೆರಡೂ ಹಾಗೆಯೇ. ಆದ್ದರಿಂದ ನೀವು ಎರಡು ಜೊತೆಗೆ ಬೇರೆ ಬೇರೆಯಾಗಿ ಹಾಕಿದ 2 ಓಮ್‌ನ ಎರಡು ವೂಫರ್‌ಗಳು ನಿಮಗೆ ಗೊತ್ತಿಲ್ಲದೆಯೇ ಪರಸ್ಪರ ಸಮಾಂತರವಾಗಿ, ಆಂಪ್ಲಿಫೈಯರ್‌ನ ಪಾಲಿಗೆ ಕೇವಲ 1 ಓಮ್ ಹೊರೆಯಾಗಿವೆ. ಇದು ನಿಮ್ಮೊಬ್ಬರ ತಪ್ಪಲ್ಲ. ಆ ತಿರುಪುಗಳನ್ನು ನೋಡಿದ ಯಾರಿಗಾದರೂ ಎರಡು ಚಾನೆಲ್‌ಗಳಿವೆ ಎಂದೇ ಅನ್ನಿಸುತ್ತದೆ.

ಒಂದೇ ವೋಲ್ಟೇಜ್‌ನಲ್ಲಿ ಹೊರೆ 2 ಓಮ್‌ನಿಂದ 1 ಓಮ್‌ಗೆ ಇಳಿದರೆ ಹರಿಯುವ ವಿದ್ಯುತ್ ಪ್ರವಾಹ ಎರಡರಷ್ಟಾಗುತ್ತದೆ. ತಂತಿಯಲ್ಲೂ ಆಂಪ್ಲಿಫೈಯರ್‌ನ ಟ್ರಾನ್ಸಿಸ್ಟರ್‌ಗಳ ರೋಧದಲ್ಲೂ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಅದು ನಾಲ್ಕರಷ್ಟಾಗುತ್ತದೆ. ಹಾಗಾದರೆ ಕಾಲು ಗಂಟೆಯಾದರೂ ಹೇಗೆ ನುಡಿಯಿತು ಎಂದು ನೀವು ಕೇಳಬಹುದು. ವೂಫರ್ ಮೇಲೆ ಅಚ್ಚಾದ ಓಮ್ ಸಂಖ್ಯೆ ಒಂದು ಹೆಸರಳತೆ, ಅಂದರೆ ಗುರುತಿಗಾಗಿ ಕೊಟ್ಟ ಅಂದಾಜು ಅಳತೆ ಮಾತ್ರ. ನುಡಿಯುತ್ತಿರುವಾಗ ಇಂಪೀಡೆನ್ಸ್ (ಸಂಗೀತದ ಎಸಿ ವಿದ್ಯುತ್ತಿಗೆ ವೂಫರ್ ಒಡ್ಡುವ ಒಟ್ಟು ತಡೆ) ಪ್ರತಿ ಕಂಪನಾಂಕಕ್ಕೂ ಬದಲಾಗುತ್ತದೆ. ಕೋನ್ ತನ್ನ ಸಹಜ ಕಂಪನದ ಬಳಿ ಇರುವಾಗ ಹೆಸರಳತೆಯ ಹಲವು ಪಟ್ಟು ಏರುತ್ತದೆ. ಹೀಗಾಗಿ ಹಾಡಿನ ಕೆಲವು ಸ್ವರಗಳಲ್ಲಿ ಆಂಪ್ಲಿಫೈಯರ್‌ಗೆ ಉಸಿರಾಡಲು ಬಿಡುವು ಸಿಗುತ್ತದೆ, ಕೆಲವು ಸ್ವರಗಳಲ್ಲಿ ಸಿಗುವುದಿಲ್ಲ. ಶಾಖ ನಿಧಾನವಾಗಿ ಏರಿ ಮಿತಿ ಮುಟ್ಟಿದಾಗ ರಕ್ಷಣಾ ಮಂಡಲವು ಆಂಪ್ಲಿಫೈಯರ್‌ನ ಕೆಲಸವನ್ನು ನಿಲ್ಲಿಸುತ್ತದೆ. ಆ ಕೆಂಪು ದೀಪ ನಿಮ್ಮ ಆಂಪ್ಲಿಫೈಯರನ್ನು ಉಳಿಸಿದೆ. ಅದನ್ನು ಆರಿಸಿ ಮತ್ತೆ ಹೊತ್ತಿಸುತ್ತ ಪದೇಪದೇ ಪರೀಕ್ಷಿಸಬೇಡಿ.

ಇನ್ನು 2 ಓಮ್ ಪಡೆಯುವ ಮಾತು. ನಿಮ್ಮಲ್ಲಿರುವ ನಾಲ್ಕು ಕಾಯಿಲ್‌ಗಳಿಗೂ ಸಮನಾದ ಪಾಲು ಸಿಗುವಂತೆ ಜೋಡಿಸಿದರೆ ದೊರೆಯುವುದು ಮೂರೇ ಉತ್ತರಗಳು: ಎಲ್ಲವೂ ಸರಣಿಯಲ್ಲಿ (ಒಂದರ ಹಿಂದೆ ಒಂದು) ಇದ್ದರೆ 16 ಓಮ್, ಎಲ್ಲವೂ ಸಮಾಂತರವಾಗಿದ್ದರೆ 1 ಓಮ್, ಎರಡನ್ನೂ ಬೆರೆಸಿದರೆ 4 ಓಮ್. 2 ಓಮ್ ಬರುವುದೇ ಇಲ್ಲ. ಪ್ರತಿ ವೂಫರ್‌ನ ಒಂದು ಕಾಯಿಲನ್ನು ಮಾತ್ರ ಬಳಸಿದರೆ 2 ಓಮ್ ಬರುತ್ತದಲ್ಲ ಎಂಬ ಉಪಾಯವನ್ನು ಯಾರಾದರೂ ಹೇಳಬಹುದು. ಲೆಕ್ಕ ಸರಿ, ಕೆಲಸ ಕೆಟ್ಟದ್ದು: ವೂಫರ್ ತಾಳಿಕೊಳ್ಳುವ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಕೋನ್‌ನ ಮೇಲಿನ ಹಿಡಿತವೂ ಸಡಿಲಗೊಳ್ಳುತ್ತದೆ.

ಆದ್ದರಿಂದ 4 ಓಮ್ ಜೋಡಣೆಯೇ ನಿಮ್ಮ ದಾರಿ. ಅದನ್ನು ಎರಡು ರೀತಿಯಲ್ಲಿ ಮಾಡಬಹುದಾದರೂ ನನ್ನ ಒಲವು ಮೊದಲನೆಯದರ ಕಡೆಗೆ. ಒಂದು ವೂಫರ್‌ನ ಮೊದಲ ಕಾಯಿಲ್‌ನ ಋಣ ತುದಿಯನ್ನು ಎರಡನೆಯ ಕಾಯಿಲ್‌ನ ಧನ ತುದಿಗೆ ಸೇರಿಸಿ. ಉಳಿದ ಎರಡು ತುದಿಗಳ ನಡುವೆ ಈಗ 8 ಓಮ್ ಇರುತ್ತದೆ. ಇನ್ನೊಂದು ವೂಫರ್‌ಗೂ ಹೀಗೆಯೇ ಮಾಡಿ, ಈಗಿರುವಂತೆಯೇ ಒಂದೊಂದನ್ನು ಒಂದೊಂದು ಜೊತೆ ಟರ್ಮಿನಲ್‌ಗೆ ಹಾಕಿ. 8 ಓಮ್‌ನ ಎರಡು ಹೊರೆಗಳು ಸಮಾಂತರವಾಗಿ 4 ಓಮ್ ಆಗುತ್ತವೆ. ಮುಂದೆಂದಾದರೂ ಒಂದು ವೂಫರ್‌ನ ಕಾಯಿಲ್ ಕಡಿದುಹೋದರೆ ಇನ್ನೊಂದು 8 ಓಮ್‌ನಲ್ಲಿ ಸುರಕ್ಷಿತವಾಗಿ ನುಡಿಯುತ್ತಲೇ ಇರುತ್ತದೆ. ಕಾಯಿಲ್‌ಗಳನ್ನು ಸಮಾಂತರವಾಗಿಯೂ ವೂಫರ್‌ಗಳನ್ನು ಸರಣಿಯಲ್ಲಿಯೂ ಜೋಡಿಸಿದರೂ 4 ಓಮ್ ಬರುತ್ತದೆ. ಆದರೆ ಅಲ್ಲಿ ಒಂದು ಕಾಯಿಲ್ ಕಡಿದರೆ ಎರಡು ವೂಫರ್‌ಗಳ ಪಾಲು ಏರುಪೇರಾಗುತ್ತದೆ.

ತಂತಿಗಳನ್ನು ಆಂಪ್ಲಿಫೈಯರ್‌ಗೆ ಸಿಕ್ಕಿಸುವ ಮೊದಲು ಅವುಗಳ ತುದಿಯಲ್ಲಿ ಮಲ್ಟಿಮೀಟರ್ ಇಟ್ಟು ಅಳೆಯಿರಿ. ಮೀಟರ್ ತೋರಿಸುವುದು ನೇರ ವಿದ್ಯುತ್ತಿಗೆ ಕಾಯಿಲ್ ಒಡ್ಡುವ ರೋಧವನ್ನಾದ್ದರಿಂದ ಅದು ಹೆಸರಳತೆಗಿಂತ ಸ್ವಲ್ಪ ಕಡಿಮೆಯೇ ಇರುತ್ತದೆ: ಪ್ರತಿ ವೂಫರ್‌ಗೆ 7 ಓಮ್‌ನ ಆಸುಪಾಸು, ಎರಡನ್ನೂ ಸಮಾಂತರವಾಗಿ ಸೇರಿಸಿ ಅಳೆದರೆ ಮೂರೂವರೆಯ ಆಸುಪಾಸು. ಒಂದರಲ್ಲಿ 7, ಇನ್ನೊಂದರಲ್ಲಿ 2 ಬಂದರೆ ಎಲ್ಲೋ ತಂತಿ ತಪ್ಪಿದೆ ಎಂದು ಅರ್ಥ.

500 ವ್ಯಾಟ್ ಕೈತಪ್ಪಿ 300ಕ್ಕೆ ಇಳಿಯಬೇಕಾಯಿತಲ್ಲ ಎಂದು ನಿಮಗೆ ಬೇಸರವಾಗಬಹುದು. ಈ ಬೇಸರಕ್ಕೆ ಕಾರಣವಿಲ್ಲ. ನಮ್ಮ ಕಿವಿ ವ್ಯಾಟ್‌ಗಳನ್ನು ಎಣಿಸುವುದಿಲ್ಲ. 300 ಮತ್ತು 500 ವ್ಯಾಟ್‌ಗಳ ನಡುವಿನ ಅಂತರ ಕೇವಲ 2.2 ಡೆಸಿಬಲ್, ಸದ್ದು ಎರಡರಷ್ಟು ಜೋರಾಗಿದೆ ಎನ್ನಿಸಬೇಕಾದರೆ ಸುಮಾರು 10 ಡೆಸಿಬಲ್, ಅಂದರೆ ಹತ್ತು ಪಟ್ಟು ಶಕ್ತಿ ಬೇಕು. ಪೆಟ್ಟಿಗೆಯ ಸಂದಿನಲ್ಲಿ ಗಾಳಿ ಸೋರುತ್ತಿದ್ದರೆ ಇದಕ್ಕಿಂತ ಹೆಚ್ಚು ಬೇಸ್ ಅಲ್ಲಿಯೇ ಕಳೆದುಹೋಗಬಹುದು. ಮೊದಲು ಅದನ್ನು ನೋಡಿ. ಅಷ್ಟಾಗಿಯೂ 2 ಓಮ್ ಬೇಕೇ ಬೇಕೆಂದರೆ, 2 ಓಮ್‌ನ ಎರಡೆರಡು ಕಾಯಿಲ್‌ಗಳಿರುವ ವೂಫರ್‌ಗಳನ್ನು ಆರಿಸಿಕೊಳ್ಳಬೇಕಿತ್ತು. ಮೇಲೆ ಹೇಳಿದ ಜೋಡಣೆಯಲ್ಲೇ ಅವು 2 ಓಮ್ ಕೊಡುತ್ತಿದ್ದವು.

ಜೋಡಣೆ ಬದಲಿಸಿದ ಮೇಲೆ ಗೇನ್ ತಿರುಪನ್ನೂ, ಅಂದರೆ ಸಂಕೇತವನ್ನು ಎಷ್ಟು ಹಿಗ್ಗಿಸಬೇಕೆಂದು ಆಂಪ್ಲಿಫೈಯರ್‌ಗೆ ಹೇಳುವ ತಿರುಪನ್ನೂ, ಹೊಸದಾಗಿ ಹೊಂದಿಸಬೇಕು. ವೂಫರ್ ತಂತಿಗಳನ್ನು ಕಳಚಿ, 50 ಹರ್ಟ್ಸ್‌ನ ಪರೀಕ್ಷಾ ಸ್ವರವನ್ನು ನುಡಿಸಿ, ಟರ್ಮಿನಲ್‌ಗಳಲ್ಲಿ ಎಸಿ ವೋಲ್ಟೇಜ್ ಅಳೆಯಿರಿ. ವ್ಯಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ ಗುರಿ ಸಿಗುತ್ತದೆ. ನಿಮ್ಮ ಲೆಕ್ಕದಲ್ಲಿ 1200ರ ವರ್ಗಮೂಲ, ಅಂದರೆ 34.6 ವೋಲ್ಟ್. ಅದನ್ನು ದಾಟಿಸಬೇಡಿ.

ಪ್ರಶ್ನೆ: ನನ್ನಲ್ಲಿ ಎರಡು ಚಾನೆಲ್‌ನ ಆಂಪ್ಲಿಫೈಯರ್ ಇದೆ. ಬಿಡಿಯಾಗಿ ಪ್ರತಿ ಚಾನೆಲ್‌ಗೆ 2 ಓಮ್ ಹಾಕಬಹುದು, ಆದರೆ ಬ್ರಿಡ್ಜ್ ಮಾಡಿದಾಗ 4 ಓಮ್‌ಗಿಂತ ಕಡಿಮೆ ಕೂಡದು ಎಂದು ಬರೆದಿದೆ. ಆಂಪ್ಲಿಫೈಯರ್ ಒಂದೇ ಆಗಿರುವಾಗ ಮಿತಿ ಎರಡೇಕೆ? 2 ಓಮ್‌ನ ಎರಡು ಕಾಯಿಲ್‌ಗಳಿರುವ ಒಂದು ವೂಫರನ್ನು ಇದಕ್ಕೆ ಹೇಗೆ ಜೋಡಿಸಲಿ?

ಉತ್ತರ: ಮಿತಿ ಎರಡಲ್ಲ, ಒಂದೇ. ಬ್ರಿಡ್ಜ್ ಮಾಡಿದಾಗ ಎರಡು ಚಾನೆಲ್‌ಗಳು ವೂಫರ್‌ನ ಎರಡು ತುದಿಗಳನ್ನು ಹಿಡಿದುಕೊಂಡು, ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತದೆ. ಹೀಗಾಗಿ ವೂಫರ್‌ಗೆ ಸಿಗುವ ವೋಲ್ಟೇಜ್ ಎರಡರಷ್ಟಾಗುತ್ತದೆ, ಪ್ರತಿ ಚಾನೆಲ್‌ಗೆ ಹೊರೆ ಅರ್ಧದಷ್ಟಾಗಿ ತೋರುತ್ತದೆ. ಬ್ರಿಡ್ಜ್‌ನಲ್ಲಿ 4 ಓಮ್ ಹಾಕಿದರೆ ಪ್ರತಿ ಚಾನೆಲ್ ಹೊರುವುದು 2 ಓಮ್ ಅನ್ನೇ. ನಿಮ್ಮ ವೂಫರ್‌ನ ಕಾಯಿಲ್‌ಗಳನ್ನು ಸರಣಿಯಲ್ಲಿ ಸೇರಿಸಿ 4 ಓಮ್ ಮಾಡಿ, ಬ್ರಿಡ್ಜ್ ಎಂದು ಗುರುತು ಹಾಕಿದ ಧನ ಮತ್ತು ಋಣ ತಿರುಪುಗಳಿಗೆ ಕೊಡಿ. ಒಂದೊಂದು ಕಾಯಿಲನ್ನು ಒಂದೊಂದು ಚಾನೆಲ್‌ಗೆ ಕೊಟ್ಟರೂ ಒಟ್ಟು ಶಕ್ತಿ ಅಷ್ಟೇ ಬರುತ್ತದೆ. ಆದರೆ ಆಗ ಎರಡೂ ಚಾನೆಲ್‌ಗಳ ಗೇನ್ ಸಮನಾಗಿರಬೇಕು, ಎರಡಕ್ಕೂ ಒಂದೇ ಮೋನೊ ಸಂಕೇತ ಹೋಗಬೇಕು. ಆ ತಲೆಬಿಸಿ ಏಕೆ ಬೇಕು?

ಪ್ರಶ್ನೆ: ಮೀಟರ್‌ನಲ್ಲಿ ಓಮ್ ಸರಿಯಾಗಿಯೇ ಬರುತ್ತಿದೆ. ಆದರೂ ಎರಡು ವೂಫರ್ ಸೇರಿ ಒಂದರಷ್ಟೂ ಬೇಸ್ ಕೊಡುತ್ತಿಲ್ಲ. ಏನು ಕಾರಣ?

ಉತ್ತರ: ಒಂದು ವೂಫರ್‌ಗೆ ಧನ ಮತ್ತು ಋಣ ತುದಿಗಳು ಅದಲುಬದಲಾಗಿರುವ ಸಂಭವ ಹೆಚ್ಚು. ಓಮ್ ಅಳತೆಯಲ್ಲಿ ಈ ತಪ್ಪು ಕಾಣಿಸುವುದಿಲ್ಲ. ಒಂದು ಕೋನ್ ಮುಂದೆ ಬರುವಾಗ ಇನ್ನೊಂದು ಹಿಂದೆ ಸರಿದು, ಎರಡರ ಗಾಳಿಯ ಒತ್ತಡವೂ ಪರಸ್ಪರ ಅಳಿಸಿಹೋಗುತ್ತದೆ. ಆಂಪ್ಲಿಫೈಯರ್‌ನಿಂದ ತಂತಿಗಳನ್ನು ಕಳಚಿ, 1.5 ವೋಲ್ಟ್‌ನ ಒಂದು ಸಣ್ಣ ಸೆಲ್ಲನ್ನು ಕ್ಷಣಮಾತ್ರ, ಧನಕ್ಕೆ ಧನ ತಾಗುವಂತೆ ಮುಟ್ಟಿಸಿ ನೋಡಿ. ಎರಡೂ ಕೋನ್‌ಗಳು ಹೊರಕ್ಕೆ ಚಿಮ್ಮಬೇಕು. ಒಂದೇ ವೂಫರ್‌ನ ಎರಡು ಕಾಯಿಲ್‌ಗಳಲ್ಲಿ ಒಂದು ತಿರುಗುಮುರುಗಾಗಿದ್ದರೆ ಕೋನ್ ಅಲ್ಲಾಡುವುದೇ ಇಲ್ಲ. ಅಂಥ ವೂಫರ್‌ಗೆ ಆಂಪ್ಲಿಫೈಯರ್ ಕೊಡುವ ಶಕ್ತಿಯೆಲ್ಲ ಶಾಖವಾಗಿ ಕಾಯಿಲನ್ನೇ ಸುಡುವುದರಿಂದ, ಸರಿಪಡಿಸುವವರೆಗೆ ಅದನ್ನು ನುಡಿಸಬೇಡಿ.