ಆಸ್ಟ್ರೇಲಿಯಾದ ನಲ್ಲಾರ್ಬೋರ್ ಬಯಲನ್ನು ಸೈಕಲ್‌ನಲ್ಲಿ ದಾಟಲು ದಿನಕ್ಕೆ 100 ಕಿ.ಮೀ. ಲೆಕ್ಕ ಸರಿಯೇ?

ಪರ್ತ್ ಕಡೆಯಿಂದ ಬಂದು, ಡಿಸೆಂಬರ್ ರಜೆಯಲ್ಲಿ ನಾರ್ಸ್‌ಮನ್‌ನಿಂದ ಸೆಡೂನಾವರೆಗಿನ ಸುಮಾರು 1,200 ಕಿ.ಮೀ. ತುಳಿಯುವ ಯೋಚನೆ ನಿಮ್ಮದು. ತಿಂಗಳೂ ಸರಿಯಿಲ್ಲ, ಲೆಕ್ಕವೂ ಸರಿಯಿಲ್ಲ.

ಪೂರ್ವಕ್ಕೆ ಹೊರಟರೆ ಗಾಳಿ ಬೆನ್ನಿಗಿರುತ್ತದೆ ಅನ್ನುವುದು ಅಲ್ಲಿನ ಚಳಿಗಾಲದ ಮಾತು. ಡಿಸೆಂಬರ್ ಅಲ್ಲಿ ಬೇಸಿಗೆ, ಆಗ ಆಗ್ನೇಯದ ಗಾಳಿ ಮುಖಕ್ಕೇ ಹೊಡೆಯುತ್ತದೆ, ಬಿಸಿಲು 40 ಡಿಗ್ರಿ ದಾಟುವುದೂ ಉಂಟು. ನಾನಾದರೆ ಆಗಸ್ಟ್‌ನಲ್ಲಿ ಹೊರಡುತ್ತೇನೆ.

ದಾರಿಯನ್ನು ಗಂಟೆಯಲ್ಲಿ ಅಳೆಯಿರಿ. ನೀವು ಗಂಟೆಗೆ 20 ಕಿ.ಮೀ. ವೇಗದಲ್ಲಿರುವಾಗ ಅಷ್ಟೇ ವೇಗದ ಗಾಳಿ ಎದುರಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಸಾಮಾನು ಹೊತ್ತ ಸೈಕಲ್ 11–12ಕ್ಕೆ ಇಳಿಯುತ್ತದೆ. ಬಲ್ಲಡೋನಿಯಾ ಬಿಟ್ಟರೆ ಮುಂದಿನ ರೋಡ್‌ಹೌಸ್ (ಹೆದ್ದಾರಿ ಬದಿಯ ಪೆಟ್ರೋಲ್, ಊಟ, ವಸತಿಯ ತಾಣ) ಕೈಗೂನಾ, ಸುಮಾರು 180 ಕಿ.ಮೀ. ಅದರಲ್ಲಿ 146 ಕಿ.ಮೀ. ಒಂದು ತಿರುವೂ ಇಲ್ಲ. ಎದುರುಗಾಳಿಯಿದ್ದರೆ ಇದು 16 ಗಂಟೆಯ ತುಳಿತ. ಎರಡು ಹಗಲು, ನಡುವೆ ಬಯಲಲ್ಲೊಂದು ರಾತ್ರಿ. ಗಂಟೆಗೆ ಮುಕ್ಕಾಲು ಲೀಟರಿನಂತೆ 12, ಅಡುಗೆಗೂ ರಾತ್ರಿಗೂ 3, ಒಟ್ಟು 15 ಲೀಟರ್ ನೀರು ಬೇಕು. ತಂಪು ದಿನಕ್ಕೇ ಇಷ್ಟು! ಒಂದೇ ಚೀಲದಲ್ಲಿ ತುಂಬಬೇಡಿ, ಒಡೆದರೆ ಎಲ್ಲ ಹೋಯಿತು. ರೋಡ್‌ಹೌಸ್‌ನ ಕೊಳಾಯಿ ನೀರು ಕುಡಿಯಲು ಆಗುತ್ತದೆಯೇ ಎಂದು ಕೇಳಿಯೇ ಹಿಡಿಯಿರಿ, ಕೆಲವೆಡೆ ಉಪ್ಪು. ವಿಶ್ರಾಂತಿ ತಾಣಗಳ ಮಳೆನೀರಿನ ಟ್ಯಾಂಕ್ ನಂಬಿ ಹೊರಡಬೇಡಿ.

ಎದುರುಗಾಳಿ ಸುಸ್ತು ಮಾಡುತ್ತದೆ ಅಷ್ಟೇ, ಅಪಾಯವಿರುವುದು ಅಡ್ಡಗಾಳಿಯಲ್ಲಿ. ಗಾಳಿ ಬಲದಿಂದ ಬೀಸುವಾಗ ನೀವು ಬಲಕ್ಕೆ ವಾಲಿಕೊಂಡೇ ತುಳಿಯುತ್ತಿರುತ್ತೀರಿ. ಹಿಂದಿನಿಂದ ಬಂದ ರೋಡ್ ಟ್ರೇನ್ (ಹಲವು ಟ್ರೇಲರ್ ಎಳೆಯುವ ಉದ್ದದ ಲಾರಿ) ಪಕ್ಕಕ್ಕೆ ಬಂದ ಕೂಡಲೇ ಗಾಳಿ ಮರೆಯಾಗಿ ಸೈಕಲ್ ಲಾರಿಯತ್ತ ಸರಿಯುತ್ತದೆ. ಕೊನೆಯ ಟ್ರೇಲರ್ ದಾಟಿತೋ, ಎಡಕ್ಕೆ ಎಸೆಯುತ್ತದೆ. ಕನ್ನಡಿ ಹಾಕಿಸಿ. ಎದುರಿನಿಂದಲೂ ಲಾರಿ ಬರುತ್ತಿದ್ದರೆ ಮರ್ಯಾದೆಯಾಗಿ ರಸ್ತೆ ಬಿಟ್ಟು ಇಳಿದುಬಿಡಿ. ಭಾರವೆಲ್ಲ ಮುಂದಿನ ಫೋರ್ಕ್‌ನ ಎರಡೂ ಬದಿಗೆ, ಹಿಂದೆ ಕ್ಯಾರಿಯರ್‌ನ ಪಕ್ಕಕ್ಕೆ, ಕೆಳಮಟ್ಟದಲ್ಲಿ ಇರಲಿ. ಕ್ಯಾರಿಯರ್ ಮೇಲೆ ಎತ್ತರಕ್ಕೆ ಪೇರಿಸಿದರೆ ಅಡ್ಡಗಾಳಿಗೆ ಸೈಕಲ್ ಓಲಾಡುತ್ತದೆ.

ಇಳಿದಾಗ ಸೈಕಲನ್ನು ಮಣ್ಣಿನ ಮೇಲೆ ತಳ್ಳದೆ ಎತ್ತಿಕೊಳ್ಳಿ. ನಮ್ಮೂರ ನೆಗ್ಗಿಲು ಮುಳ್ಳು ಅಲ್ಲೂ ಇದೆ, ಟ್ಯೂಬ್ ಕೆಡಿಸುವುದರಲ್ಲಿ ಅಲ್ಲೂ ನಿಸ್ಸೀಮ. 40 ಮಿ.ಮೀ. ಅಗಲದ ಪಂಕ್ಚರ್ ತಡೆಯುವ ಟೈರ್, ಮೂರು ಟ್ಯೂಬ್, ಪ್ಯಾಚ್ ಸಾಕು. ಟೈರಿನ ಒಳಮೈಗೆ ಬೆರಳಾಡಿಸಿ ಮುಳ್ಳಿನ ಮೊನೆ ತೆಗೆಯದೆ ಹೊಸ ಟ್ಯೂಬ್ ಹಾಕಬೇಡಿ.

ಡೇರೆಗೆ ಉಕ್ಕಿನ ಗೂಟ ಒಯ್ಯಿರಿ, ಸುಣ್ಣಕಲ್ಲಿನ ನೆಲಕ್ಕೆ ಪ್ಲಾಸ್ಟಿಕ್‌ನದು ಇಳಿಯದು. ಸೆಡೂನಾ ತಪಾಸಣೆಯಲ್ಲಿ ಹಣ್ಣು ತರಕಾರಿ ಮುಂದಕ್ಕೆ ಒಯ್ಯಲು ಬಿಡುವುದಿಲ್ಲ, ಅದಕ್ಕೆ ಮುಂಚೆಯೇ ತಿಂದು ಮುಗಿಸಿ.