ಮಗು ಕನ್ನಡಕ ಕಿತ್ತೆಸೆದರೆ ಮೊದಲು ಮೂಗು ನೋಡಿ

ಓದುಗರ ಪ್ರಶ್ನೆಗಳಿಗೆ ತಜ್ಞರ ಉತ್ತರ. ಈ ಸಲ ಆಯ್ದ ಪತ್ರಗಳೆಲ್ಲ ಪುಟ್ಟ ಮಕ್ಕಳ ಮೊದಲ ಕನ್ನಡಕದ ಬಗ್ಗೆ. ಉತ್ತರಿಸಿದವರು ಮಕ್ಕಳ ಕಣ್ಣಿನ ವೈದ್ಯರು ಮತ್ತು ಪವರ್ ಪರೀಕ್ಷಿಸುವ ಆಪ್ಟೊಮೆಟ್ರಿಸ್ಟ್.

ಪ್ರಶ್ನೆ: ಮಗಳಿಗೆ ಮೂರೂವರೆ ವರ್ಷ. ಎರಡೂ ಕಣ್ಣಿಗೆ +5.00 ಪವರ್ ಬಂದಿದೆ. ಕನ್ನಡಕ ತಂದು ಹತ್ತು ದಿನವಾಯಿತು, ಹಾಕಿದ ಎರಡೇ ನಿಮಿಷಕ್ಕೆ ಕಿತ್ತು ಸೋಫಾ ಕೆಳಗೆ ಎಸೆಯುತ್ತಾಳೆ. ಹಾಕಿಕೊಂಡಷ್ಟು ಹೊತ್ತೂ ಗಾಜಿನ ಮೇಲಿಂದ ಇಣುಕುತ್ತಾಳೆ. 'ಇದಿಲ್ಲದೇನೇ ಚೆನ್ನಾಗಿ ಕಾಣತ್ತೆ' ಅಂತಾಳೆ. ಪವರ್ ತಪ್ಪಾಗಿದೆಯೇ?
— ತಾಯಿ, ತಿಪಟೂರು

ಉತ್ತರ: ಪವರ್ ಮೇಲೆ ಅನುಮಾನ ಪಡುವ ಮೊದಲು ಫ್ರೇಮ್ ನೋಡಿ. ಈ ವಯಸ್ಸಿನ ಮಕ್ಕಳಿಗೆ ಮೂಗಿನ ದಿಂಡು ಇನ್ನೂ ಎದ್ದಿರುವುದಿಲ್ಲ, ಚಪ್ಪಟೆ. ದೊಡ್ಡವರ ಫ್ರೇಮನ್ನೇ ಕುಗ್ಗಿಸಿ ಮಾಡಿದಂಥದ್ದು ಅಲ್ಲಿ ನಿಲ್ಲದೆ ಜಾರುತ್ತದೆ. ಜಾರಿದ ಮೇಲೆ ಮಗು ಗಾಜಿನ ಮೇಲಿಂದ ನೋಡದೆ ಇನ್ನೇನು ಮಾಡೀತು?

ಮಗುವನ್ನು ಬೆಳಕಿಗೆ ಎದುರಾಗಿ ಕೂರಿಸಿ, ನಿಮ್ಮ ಕಣ್ಣು ಅವಳ ಕಣ್ಣಿನ ಮಟ್ಟಕ್ಕೆ ಬರುವಂತೆ ಕುಳಿತುಕೊಳ್ಳಿ. ಕಣ್ಣಿನ ಕಪ್ಪುಪಾಪೆ ಗಾಜಿನ ಹೆಚ್ಚುಕಡಿಮೆ ನಡುಮಧ್ಯೆ ಬರಬೇಕು. ಮೇಲಂಚಿನ ಹತ್ತಿರ ಕಂಡರೆ ಫ್ರೇಮ್ ಇಳಿದಿದೆ ಎಂದರ್ಥ. ನಗಿಸಿ ನೋಡಿ: ಕೆನ್ನೆ ಉಬ್ಬಿದಾಗ ಫ್ರೇಮ್ ಮೇಲಕ್ಕೆದ್ದರೆ ಅದು ದೊಡ್ಡದಾಯಿತು. ರೆಪ್ಪೆಗೂದಲು ಗಾಜಿಗೆ ತಾಗಿದರೆ ಕಚಗುಳಿ, ಜೊತೆಗೆ ಗಾಜಿನ ಮೇಲೆ ಜಿಡ್ಡಿನ ಗೆರೆ. ಕೊನೆಗೆ ಕಿವಿ. ಕಡ್ಡಿ ಬಾಗುವುದು ಕಿವಿಯ ಮೇಲ್ತುದಿ ದಾಟಿದ ಕೂಡಲೇ ಇರಬೇಕು. ಅದಕ್ಕೂ ಮೊದಲೇ ಬಾಗಿದ್ದರೆ ಕಿವಿ ಒತ್ತಿ ನೋಯುತ್ತದೆ, ತೀರಾ ಹಿಂದೆ ಬಾಗಿದ್ದರೆ ಜಾರುತ್ತದೆ. ತೆಗೆದಾಗ ಮೂಗಿನ ಮೇಲೆ ತೆಳು ಗುರುತು ಕಂಡು ಅರ್ಧ ಗಂಟೆಯೊಳಗೆ ಮಾಯವಾದರೆ ಚಿಂತೆ ಇಲ್ಲ. ಕೆಂಪಗೆ ಅಚ್ಚೊತ್ತಿದಂತೆ ಉಳಿದರೆ, ಚರ್ಮ ತರಚಿದ್ದರೆ ಅಂಗಡಿಗೆ ಹೋಗಿ ಸರಿಮಾಡಿಸಿ.

ಕಡ್ಡಿಯ ಒಳಗಡೆ 40-15-120 ಎಂಬಂಥ ಮೂರು ಅಂಕಿ ಅಚ್ಚಾಗಿರುತ್ತವೆ. ಒಂದು ಗಾಜಿನ ಅಗಲ, ಮೂಗಿನ ಮೇಲಿನ ಸೇತುವೆಯ ಅಗಲ, ಕಡ್ಡಿಯ ಉದ್ದ, ಮೂರೂ ಮಿಲಿಮೀಟರ್‌ನಲ್ಲಿ. ಬೆಳೆಯುವ ಮಗು ಅಂತ ಯೂನಿಫಾರಂ ಒಂದು ಸೈಜ್ ದೊಡ್ಡದು ಹೊಲಿಸುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಪ್ಲಸ್ ಗಾಜು ನಡುವೆ ದಪ್ಪ. ಗಾಜು ಅಗಲವಾದಷ್ಟೂ ದಪ್ಪವೂ ಭಾರವೂ ಏರುತ್ತದೆ. ಚಿಕ್ಕ ದುಂಡು ಫ್ರೇಮ್, ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಲೆನ್ಸ್ ಸರಿ. ಪಾಲಿಕಾರ್ಬೊನೇಟ್ ಹಗುರ, ಬಿದ್ದರೆ ಚೂರಾಗುವುದಿಲ್ಲ. ಮಕ್ಕಳಿಗೆ ನಿಜವಾದ ಗಾಜಿನ ಲೆನ್ಸ್ ಬೇಡವೇ ಬೇಡ. ಹಿಂದೆ ಎಲಾಸ್ಟಿಕ್ ಪಟ್ಟಿ ಕಟ್ಟಿದರೆ ಒಳಗೆ ಒಂದು ಬೆರಳು ತೂರುವಷ್ಟು ಸಡಿಲ ಇರಲಿ, ಮಲಗುವಾಗ ಬಿಚ್ಚಿಡಿ.

ಫ್ರೇಮ್ ಸರಿಯಿದ್ದೂ ಕಿತ್ತರೆ? ಪ್ಲಸ್ ಪವರಿನ ಮಗು ಹುಟ್ಟಿದಾಗಿನಿಂದ ಕಣ್ಣೊಳಗಿನ ಸ್ನಾಯುವನ್ನು ಬಿಗಿಹಿಡಿದೇ ನೋಡಿ ಅಭ್ಯಾಸ ಮಾಡಿಕೊಂಡಿರುತ್ತದೆ. ಕನ್ನಡಕ ಆ ಕೆಲಸ ವಹಿಸಿಕೊಂಡರೂ ಸ್ನಾಯು ಮೊದಲ ದಿನವೇ ಹಿಡಿತ ಬಿಡುವುದಿಲ್ಲ. ಅಲ್ಲಿಯವರೆಗೆ ಕನ್ನಡಕದಲ್ಲಿ ದೂರದ್ದು ಮಸುಕು. ಮಗಳು ಹೇಳುತ್ತಿರುವುದು ಸುಳ್ಳಲ್ಲ! ಇಡೀ ದಿನ ಹಾಕಿದರೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಹಿಡಿತ ಸಡಿಲುತ್ತದೆ, ಕೆಲವರಿಗೆ ತಿಂಗಳು ಮೀರುವುದೂ ಉಂಟು. ಆಗಾಗ ಐದೈದು ನಿಮಿಷ ಹಾಕಿದರೆ ಸ್ನಾಯು ಪ್ರತಿ ಸಲವೂ ಮೊದಲಿನಿಂದ ಶುರುಮಾಡಬೇಕು.

ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ, ಹಲ್ಲುಜ್ಜುವ ಮೊದಲೇ ಹಾಕಿಬಿಡಿ. ನಿದ್ದೆಯಲ್ಲಿ ಸ್ನಾಯು ಸಡಿಲವಾಗಿರುತ್ತದೆ, ಅದು ಬಿಗಿಯುವ ಮೊದಲೇ ಕನ್ನಡಕ ಕಣ್ಣ ಮುಂದಿರಲಿ. ಎದುರಿನಿಂದ, ಎರಡೂ ಕಡ್ಡಿ ತೆರೆದು, ಎರಡೂ ಕೈಯಲ್ಲಿ ಹಾಕಿ. ಒಂದೇ ಕೈಯಲ್ಲಿ ತೊಡಿಸಿದರೆ ಕಡ್ಡಿ ವಾರದೊಳಗೆ ಸೊಟ್ಟಗಾಗುತ್ತದೆ. ಮೊದಲ ದಿನಗಳಲ್ಲಿ ಊಟದ ಹೊತ್ತು, ಚಿತ್ರದ ಪುಸ್ತಕ, ಮಣಿ ಪೋಣಿಸುವ ಆಟದಂಥ ಕೈತುಂಬ ಕೆಲಸವಿರುವ ಸಮಯ ಆರಿಸಿ. ಕಿತ್ತರೆ ಬೈಯದೆ, ನಗದೆ ಎತ್ತಿಡಿ, ಐದು ನಿಮಿಷ ಬಿಟ್ಟು ಮತ್ತೆ ಹಾಕಿ. ಟೀವಿ ನೋಡುವುದಾದರೆ ಕನ್ನಡಕ ಇಳಿದ ಕೂಡಲೇ ಟೀವಿಯೂ ಆಫ್. ಈ ನಿಯಮ ಅಜ್ಜಿಗೂ ಅನ್ವಯ.

ಇಷ್ಟಾಗಿಯೂ ನಾಲ್ಕು ವಾರದಲ್ಲಿ ಒಗ್ಗದಿದ್ದರೆ ವೈದ್ಯರಲ್ಲಿಗೆ ಮರಳಿ. ಕೆಲವರಿಗೆ ಸ್ವಲ್ಪ ದಿನ ಅಟ್ರೊಪಿನ್ ಎಂಬ ಔಷಧವನ್ನು ಕಣ್ಣಿಗೆ ಹಾಕಿ ಸ್ನಾಯು ಸಡಿಲಿಸುತ್ತಾರೆ, ಕೆಲವೊಮ್ಮೆ ಪವರ್ ಅನ್ನು ಹಂತಹಂತವಾಗಿ ಏರಿಸುತ್ತಾರೆ.

ಪ್ರಶ್ನೆ: ನಮ್ಮ ಮೊಮ್ಮಗಗ ನಾಲ್ಕ ವರ್ಷ. ಒಂದ್ ಕಣ್ಣು ಮೂಗಿನ ಕಡೆ ಹೊಳ್ಳತಿತ್ತು. ಚಾಳೀಸ್ ಹಾಕಿಸಿದ್ವಿ. ಹಾಕ್ಕೊಂಡಾಗ ಕಣ್ಣು ನೆಟ್ಟಗ ಇರ್ತಾವ, ಆದ್ರ ತಗದ ಕೂಡ್ಲೆ ಮೊದಲಿಗಿಂತ ಜಾಸ್ತಿ ಒಳಗ ಹೋಗತಾವ. ಚಾಳೀಸಿನಿಂದನ ಹಿಂಗ ಆತೇನು? ಮೆಳ್ಳಗಣ್ಣು ಅದೃಷ್ಟ, ಬಿಡ್ರಿ ಅಂತ ಮನ್ಯಾಗ ಬ್ಯಾರೆ ಹೇಳ್ತಾರ.
— ಅಜ್ಜ, ಧಾರವಾಡ

ಉತ್ತರ: ಯಜಮಾನರೇ, ಚಾಳೀಸು ಎಂಬ ಮಾತಿನಲ್ಲೇ ನಲವತ್ತು ಅಡಗಿದೆ. ನಲವತ್ತಕ್ಕೆ ಬರಬೇಕಾದದ್ದು ನಾಲ್ಕಕ್ಕೇ ಬಂತಲ್ಲ ಎಂದು ಮನೆಯವರಿಗೆ ಕಸಿವಿಸಿ ಆಗುವುದು ಸಹಜ. ಆದರೆ ನೀವು ಕಂಡದ್ದು ಒಳ್ಳೆಯ ಲಕ್ಷಣ. ನೋಟ ಸ್ಪಷ್ಟಗೊಳಿಸುವ ಶ್ರಮ, ಕಣ್ಣನ್ನು ಒಳಕ್ಕೆ ತಿರುಗಿಸುವ ಶ್ರಮ ಎರಡೂ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳು, ಒಂದು ಎಳೆದರೆ ಇನ್ನೊಂದೂ ಹೊರಡುತ್ತದೆ. ಪ್ಲಸ್ ಕನ್ನಡಕ ಮೊದಲನೆಯ ಶ್ರಮ ಇಳಿಸುತ್ತದೆ, ಹಾಗಾಗಿ ಕಣ್ಣು ನೆಟ್ಟಗೆ ನಿಲ್ಲುತ್ತದೆ. ಈಗ ಮಗುವಿಗೆ ಸ್ಪಷ್ಟ ನೋಟದ ರುಚಿ ಹತ್ತಿದೆ. ಕನ್ನಡಕ ತೆಗೆದರೆ ಅದೇ ಸ್ಪಷ್ಟತೆಗಾಗಿ ಒಮ್ಮೆಲೇ ಪೂರ್ತಿ ಶ್ರಮ ಹಾಕುತ್ತದೆ, ಕಣ್ಣು ಜೋರಾಗಿ ಒಳಗೆ ಸರಿಯುತ್ತದೆ. ಕನ್ನಡಕ ರೋಗ ತಂದಿಲ್ಲ.

ಸ್ನಾನ, ನಿದ್ದೆ ಬಿಟ್ಟು ಉಳಿದ ಹೊತ್ತೆಲ್ಲ ಇರಲಿ. ಫೋಟೋಕ್ಕೆಂದೂ ತೆಗೆಸಬೇಡಿ. ಕನ್ನಡಕ ಹಾಕಿದ್ದಾಗಲೂ ಉಳಿಯುವ ಮೆಳ್ಳೆಗಣ್ಣಿಗೆ ಮಾತ್ರ ಆಪರೇಷನ್ನಿನ ಮಾತು ಬರುತ್ತದೆ. ಅದೃಷ್ಟದ ವಿಷಯ ನಮಗೆ ಗೊತ್ತಿಲ್ಲ. ಸದಾ ಒಂದೇ ಕಣ್ಣು ತಿರುಗಿದರೆ ಮಿದುಳು ಆ ಕಣ್ಣನ್ನು ಬಳಸುವುದನ್ನೇ ಬಿಡುತ್ತದೆ ಎಂಬುದು ಮಾತ್ರ ಖಚಿತ.

ಪ್ರಶ್ನೆ: ಮಗನಿಗೆ ಐದು ವರ್ಷ. ಅಂಗಡಿಯ ಕಂಪ್ಯೂಟರ್ ಟೆಸ್ಟ್‌ನಲ್ಲಿ –1.25 ಬಂತು. ಆಸ್ಪತ್ರೆಯಲ್ಲಿ ಮೂರು ದಿನ ಮುಲಾಮು ಹಾಕಿಸಿ ನೋಡಿ +2.00 ಅಂದರು. ಯಾವುದನ್ನು ನಂಬಲಿ?
— ತಂದೆ, ಪುತ್ತೂರು

ಉತ್ತರ: ಮುಲಾಮು ಹಾಕಿ ನೋಡಿದ್ದನ್ನು. ಮಗು ಮೆಷಿನ್ನೊಳಗಿನ ಚಿತ್ರವನ್ನು ದಿಟ್ಟಿಸುವಾಗ ಹತ್ತಿರದ ವಸ್ತುವನ್ನು ನೋಡುವಂತೆ ಕಣ್ಣು ಬಿಗಿಹಿಡಿಯುತ್ತದೆ, ಇಲ್ಲದ ಮೈನಸ್ (ದೂರದ್ದು ಮಸುಕಾಗುವ ದೋಷ) ಹುಟ್ಟಿಕೊಳ್ಳುತ್ತದೆ. ಮುಲಾಮು ಆ ಬಿಗಿತ ತೆಗೆದು ಅಸಲಿ ಪವರ್ ತೋರಿಸುತ್ತದೆ. ಚಿಕ್ಕ ಮಕ್ಕಳಿಗೆ ಔಷಧ ಹಾಕದೆ ಬರೆದ ಚೀಟಿಗೆ ಕನ್ನಡಕ ಮಾಡಿಸಬೇಡಿ. ಹಾಗೆಂದು +2.00 ಬಂದ ಐದು ವರ್ಷದ ಎಲ್ಲರಿಗೂ ಕನ್ನಡಕ ಬೇಕೆಂದಿಲ್ಲ. ಈ ವಯಸ್ಸಿನಲ್ಲಿ ಸ್ವಲ್ಪ ಪ್ಲಸ್ ಇರುವುದು ಸಹಜ. ಮೆಳ್ಳೆಗಣ್ಣು ಇದೆಯೇ, ಎರಡು ಕಣ್ಣಿಗೆ ವ್ಯತ್ಯಾಸ ಇದೆಯೇ, ದೃಷ್ಟಿ ಎಷ್ಟು ಎಂಬುದನ್ನು ನೋಡಿ ವೈದ್ಯರು ತೀರ್ಮಾನಿಸುತ್ತಾರೆ.

ಅಟ್ರೊಪಿನ್ ಮುಲಾಮನ್ನು ಕೆಳರೆಪ್ಪೆ ಎಳೆದು ಅಕ್ಕಿಕಾಳಿನಷ್ಟೇ ಹಾಕಬೇಕು, ಕೈ ತೊಳೆಯಬೇಕು, ಟ್ಯೂಬ್ ಮಕ್ಕಳ ಕೈಗೆ ಸಿಗಬಾರದು. ಜ್ವರ, ಮುಖ ಕೆಂಪೇರುವುದು, ಬಾಯಿ ಒಣಗುವುದು ಕಂಡರೆ ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಪಾಪೆ ಮೊದಲಿನಂತಾಗಲು ಹತ್ತು–ಹದಿನಾಲ್ಕು ದಿನ ಬೇಕಾಗಬಹುದು, ಅಷ್ಟು ದಿನ ಬಿಸಿಲಿಗೆ ಟೋಪಿ ಇರಲಿ.

ಪ್ರಶ್ನೆ: ಮಗಳಿಗೆ ಬಲಗಣ್ಣು +1.00, ಎಡಗಣ್ಣು +4.50. ಕನ್ನಡಕ ಹಾಕಿದರೂ ಎಡಗಣ್ಣಿಗೆ 6/24 ಅಷ್ಟೇ ಅಂದರು. ಹಾಗಾದರೆ ಹಾಕಿ ಏನು ಪ್ರಯೋಜನ?
— ತಾಯಿ, ಸಾಗರ

ಉತ್ತರ: 6/24 ಅಂದರೆ ಸಹಜ ಕಣ್ಣು 24 ಮೀಟರ್ ದೂರದಿಂದ ಓದುವ ಅಕ್ಷರವನ್ನು 6 ಮೀಟರಿಗೆ ಬಂದರಷ್ಟೇ ಓದುವ ದೃಷ್ಟಿ. ಎಡಗಣ್ಣು ಇಷ್ಟು ದಿನ ಮಿದುಳಿಗೆ ಮಸುಕು ಚಿತ್ರವನ್ನೇ ಕಳಿಸಿದೆ, ಮಿದುಳು ಅದನ್ನು ಬದಿಗಿಟ್ಟು ಬಲಗಣ್ಣಿನಲ್ಲೇ ಸಂಸಾರ ನಡೆಸಿದೆ. ಇದಕ್ಕೆ ಸೋಮಾರಿ ಕಣ್ಣು ಎನ್ನುತ್ತಾರೆ. ಕನ್ನಡಕ ಹಾಕಿದ ದಿನವೇ ಚಿತ್ರ ಸ್ಪಷ್ಟವಾಗಿ ಬೀಳುತ್ತದೆ, ಅದನ್ನು ಓದಲು ಮಿದುಳು ಕಲಿಯಬೇಕು. ಬರೀ ಕನ್ನಡಕವನ್ನು ಪೂರ್ತಿ ದಿನ ಹಾಕಿದರೇ ಸುಮಾರು ನಾಲ್ಕು ತಿಂಗಳವರೆಗೆ ದೃಷ್ಟಿ ಏರುತ್ತಾ ಹೋಗಬಹುದು. ಏರಿಕೆ ನಿಂತಲ್ಲಿಂದ ಮುಂದೆ ಒಳ್ಳೆಯ ಕಣ್ಣನ್ನು ಮುಚ್ಚಿ ಸೋಮಾರಿ ಕಣ್ಣಿಗೆ ಕೆಲಸ ಕೊಡುವ ಅಂಟುಪಟ್ಟಿ. ನಿಮ್ಮ ಮಗಳಷ್ಟು ಕೊರತೆಗೆ ದಿನಕ್ಕೆ ಎರಡು ಗಂಟೆಯಿಂದ ಶುರುಮಾಡುವುದು ರೂಢಿ. ಪಟ್ಟಿ ಚರ್ಮಕ್ಕೇ ಅಂಟಬೇಕು, ಅದರ ಮೇಲೆ ಕನ್ನಡಕ. ಗಾಜಿಗೆ ಅಂಟಿಸಿದರೆ ಮಕ್ಕಳು ಸಂದಿಯಿಂದ ನೋಡುತ್ತಾರೆ. ಬಿಚ್ಚುವಾಗ ಅಂಚಿಗೆ ಕೊಬ್ಬರಿ ಎಣ್ಣೆ ಸವರಿದರೆ ಅಳು ಕಡಿಮೆ. ಏಳೆಂಟು ವರ್ಷದೊಳಗೆ ಶುರುಮಾಡಿದರೆ ಫಲ ಹೆಚ್ಚು, ಆದ್ದರಿಂದ ಬೇಸಿಗೆ ರಜೆಗೆಂದು ಕಾಯಬೇಡಿ.

ಪ್ರಶ್ನೆ: ಹೊಸ ಕನ್ನಡಕ ಹಾಕಿ ಮಗ ಮೆಟ್ಟಿಲಿಲ್ಲದ ಕಡೆಯೂ ಕಾಲೆತ್ತಿ ಇಡುತ್ತಾನೆ. ಅಂಗಡಿಯವರು ಸರಿಯಾಗಿ ಮಾಡಿದ್ದಾರೋ ಇಲ್ಲವೋ ಮನೆಯಲ್ಲೇ ತಿಳಿಯುವುದು ಹೇಗೆ?
— ಓದುಗರು, ಮೈಸೂರು

ಉತ್ತರ: ಸಿಲಿಂಡರ್ (ಒಂದೇ ದಿಕ್ಕಿನಲ್ಲಿ ಕೆಲಸ ಮಾಡುವ) ಪವರ್ ಇದ್ದರೆ ನೆಲ ಇಳಿಜಾರಾಗಿ ಕಾಣುವುದುಂಟು, ಒಂದೆರಡು ವಾರದಲ್ಲಿ ಸರಿಹೋಗುತ್ತದೆ. ಆಮೇಲೂ ಎಡವಿದರೆ ಪರೀಕ್ಷಿಸಿ. ಕನ್ನಡಕವನ್ನು ಕಣ್ಣಿನಿಂದ ಸ್ವಲ್ಪವೇ ದೂರ ಹಿಡಿದು, ಒಂದು ಕಣ್ಣು ಮುಚ್ಚಿ, ಒಂದು ಗಾಜಿನ ಮೂಲಕ ಬಾಗಿಲಿನ ಚೌಕಟ್ಟು ನೋಡಿ. ನಿಧಾನವಾಗಿ ಅತ್ತಿತ್ತ ಸರಿಸಿದಾಗ ಚೌಕಟ್ಟು ನಿಮ್ಮ ಕೈ ಹೋದ ಕಡೆಗೇ ಸರಿದರೆ ಮೈನಸ್, ಎದುರು ದಿಕ್ಕಿಗೆ ಸರಿದರೆ ಪ್ಲಸ್. ಗಾಜನ್ನು ಗಡಿಯಾರದಂತೆ ತಿರುಗಿಸಿದಾಗ ನೇರ ಗೆರೆ ಕತ್ತರಿ ತೆರೆದಂತೆ ಓರೆಯಾದರೆ ಸಿಲಿಂಡರ್ ಇದೆ. ಚೀಟಿಯಲ್ಲಿ ಪ್ಲಸ್ ಬರೆದು ಕೈಯಲ್ಲಿ ಮೈನಸ್ ಬಂದಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಪವರ್ ಎಷ್ಟೆಂಬುದು ಇದರಿಂದ ತಿಳಿಯದು. ಅದಕ್ಕೆ ಲೆನ್ಸೋಮೀಟರ್‌ನಲ್ಲಿ ಹಾಕಿ ತೋರಿಸಿ ಎಂದು ಕೇಳಿ, ಕೇಳಲು ಸಂಕೋಚ ಬೇಡ.

ಎರಡು ಪಾಪೆಗಳ ನಡುವಿನ ಅಂತರವನ್ನೂ ಅಳೆಸಿ. ಮಗುವಿನ ಅಂತರ 50 ಮಿ.ಮೀ. ಇದ್ದು ಗಾಜಿನ ಕೇಂದ್ರಗಳು 60ಕ್ಕೆ ಕೂತಿದ್ದರೆ, ಪವರ್ ಸರಿಯಿದ್ದರೂ ಲೆನ್ಸ್ ಬೆಳಕನ್ನು ಪಕ್ಕಕ್ಕೆ ಬಾಗಿಸುವ ಪ್ರಿಸಂನಂತೆ ವರ್ತಿಸಿ ಕಣ್ಣಿಗೆ ದಣಿವು ತರುತ್ತದೆ. ದುಂಡು ಫ್ರೇಮ್ ಬಿದ್ದು ಸ್ಕ್ರೂ ಸಡಿಲಾದರೆ ಗಾಜು ಇದ್ದಲ್ಲೇ ತಿರುಗಿ ಸಿಲಿಂಡರಿನ ಆಕ್ಸಿಸ್ (ಅದು ಕೂರಬೇಕಾದ ಕೋನ) ತಪ್ಪುತ್ತದೆ, ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ.

ಪ್ರಶ್ನೆ: ಎಲ್‌ಕೆಜಿಯಲ್ಲಿ ಇಬ್ಬರು ಮಕ್ಕಳಿಗೆ ಕನ್ನಡಕ ಬಂದಿದೆ. ಆಟಕ್ಕೆ ಬಿಟ್ಟಾಗ ತೆಗೆಸಿಡಬೇಕೇ? ಒರೆಸುವುದು ಹೇಗೆ?
— ಶಿಕ್ಷಕಿ, ಹಾಸನ

ಉತ್ತರ: ತೆಗೆಸಬೇಡಿ ಟೀಚರ್. ಪಾಲಿಕಾರ್ಬೊನೇಟ್ ಲೆನ್ಸ್, ಹಿಂದೆ ಪಟ್ಟಿ ಇದ್ದರೆ ಓಡಾಟಕ್ಕೆ ತೊಂದರೆಯಿಲ್ಲ. ಇಳಿದದ್ದನ್ನು ಮೇಲೇರಿಸಲು ಮಗುವಿಗೇ ಕಲಿಸಿ, ಗಾಜು ಮುಟ್ಟದೆ ಎರಡೂ ಬದಿಯ ಕಡ್ಡಿ ಹಿಡಿದು. ಮೇಜಿನ ಮೇಲಿಡುವಾಗ ಗಾಜು ಮೇಲ್ಮುಖವಾಗಿರಲಿ.

ಒಣ ಬಟ್ಟೆಯಲ್ಲಿ ಉಜ್ಜಿದರೆ ಧೂಳೇ ಮರಳುಕಾಗದದ ಕೆಲಸ ಮಾಡುತ್ತದೆ. ಸೀರೆ ಸೆರಗು, ಯೂನಿಫಾರಂ ಅಂಗಿ ಎರಡೂ ಬೇಡ. ಮೊದಲು ನಲ್ಲಿ ನೀರಿನಲ್ಲಿ ಹಿಡಿದು ಧೂಳು ಹೋಗಲಿ, ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ ಬೆರಳಲ್ಲಿ ಸವರಿ, ತೊಳೆದು, ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಒತ್ತಿ ತೇವ ತೆಗೆಯಿರಿ. ಬಿಸಿನೀರು ತಾಗಿದರೆ ಮೇಲಿನ ಕೋಟಿಂಗ್ ಬಿರುಕು ಬಿಡುತ್ತದೆ, ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟರೂ ಅದೇ ಗತಿ. ನೈಲ್ ಪಾಲಿಶ್ ತೆಗೆಯುವ ದ್ರವ ಬಿದ್ದರೆ ಲೆನ್ಸ್ ಬೆಳ್ಳಗಾಗಿ ಹಾಳಾದಂತೆಯೇ, ಹೊಸದು ಹಾಕಿಸದೆ ದಾರಿಯಿಲ್ಲ.